ಆಲ್ಟೋ ಸಾಲಿನಲ್ಲಿ ನಿಂತರೂ ಸೊಪ್ರಾನೋ ರಾಗವೇ ಬಾಯಿಗೆ ಬರುತ್ತದೆ, ಕಾಯರ್ ಬಿಟ್ಟುಬಿಡಲಾ?

ಎರಡನೇಸಾಲು:

ಈ ಸೆಮಿಸ್ಟರ್ ಶುರುವಿನಲ್ಲಿ ನಮ್ಮ ವಿಶ್ವವಿದ್ಯಾಲಯದ ಕಾಯರ್ (ಸಮೂಹ ಗಾಯನ ತಂಡ) ಸೇರಿದೆ. ಐದು ನಿಮಿಷದ ಪರೀಕ್ಷೆ ಇತ್ತು. ಪಿಯಾನೋದಲ್ಲಿ ನುಡಿಸಿದ ಸ್ವರವನ್ನು ಹಾಡಿ ತೋರಿಸಬೇಕು, ಧ್ವನಿ ಮೇಲೆ ಎಲ್ಲಿವರೆಗೆ ಹೋಗುತ್ತದೆ, ಕೆಳಗೆ ಎಲ್ಲಿವರೆಗೆ ಇಳಿಯುತ್ತದೆ ಅಂತ ನೋಡಿದರು, ಆಲ್ಟೋ (ಹೆಂಗಸರ ಕೆಳಗಿನ ಧ್ವನಿ) ಅಂದರು. ತುಂಬಾ ಖುಷಿಯಾಗಿತ್ತು. ಈಗ 6 ವಾರ ಆಯಿತು, ರಿಹರ್ಸಲ್ ದಿನ ಬಂದರೆ ಹೊಟ್ಟೆಯಲ್ಲಿ ಸಂಕಟ.

ಆಲ್ಟೋದವರು ಮಾತ್ರ ಹಾಡುವಾಗ ನನ್ನ ಸಾಲು ಸರಿಯಾಗಿಯೇ ಬರುತ್ತದೆ. ಹೆಂಗಸರ ಮೇಲಿನ ಧ್ವನಿ ಸೊಪ್ರಾನೋ, ಕೆಳಗಿನದು ಆಲ್ಟೋ, ಗಂಡಸರ ಮೇಲಿನದು ಟೆನರ್, ಕೆಳಗಿನದು ಬೇಸ್, ಒಬ್ಬೊಬ್ಬರಿಗೂ ಬೇರೆ ಬೇರೆ ಸ್ವರಸಾಲು. ಈ ನಾಲ್ಕೂ ಗುಂಪು ಸೇರಿತೋ, ಎರಡನೇ ಸಾಲು ಮುಗಿಯುವ ಹೊತ್ತಿಗೆ ನಾನು ಸೊಪ್ರಾನೋದವರ ಹಿಂದೆ ಹೋಗಿರುತ್ತೇನೆ. ಮುಖ್ಯ ರಾಗ ಅವರದೇ ಅಲ್ವಾ, ಕಿವಿ ಅದನ್ನೇ ಹಿಡಿದುಕೊಳ್ಳುತ್ತದೆ. ನನಗೆ ಸ್ವರಲಿಪಿ ಓದಲೂ ಬರುವುದಿಲ್ಲ, ಕೇಳಿ ಕೇಳಿ ಕಲಿತಿದ್ದು. ಕಳೆದ ವಾರ ಪಕ್ಕದವಳು ಹಾಡುತ್ತಲೇ ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು, ಏನೂ ಅನ್ನಲಿಲ್ಲ. ಆವತ್ತಿನಿಂದ ಅನುಮಾನ ಬಂದ ಕಡೆಯೆಲ್ಲ ಸುಮ್ನೆ ಬಾಯಿ ಆಡಿಸುತ್ತಿದ್ದೇನೆ. ಸಂಗೀತ ಕಛೇರಿಗೆ ಇನ್ನು 5 ವಾರ ಇದೆ. ಎಲ್ಲರ ಶ್ರಮ ನನ್ನಿಂದ ಹಾಳಾಗುವುದಕ್ಕಿಂತ ಈಗಲೇ ಬಿಡುವುದು ಒಳ್ಳೆಯದಾ?

ಮಂದ್ರದವನು:

ಬಿಡಬೇಡಿ. ನಾನು ಬೇಸ್, 4 ವರ್ಷ ಹಾಡಿದ್ದೇನೆ. ಮೊದಲ ಸೆಮಿಸ್ಟರ್ ಪೂರ್ತಿ ನನಗೂ ಹೀಗೇ ಆಗುತ್ತಿತ್ತು.

ಮೊದಲು ಒಂದು ಪ್ರಶ್ನೆ, ನೀವು ಕೂರುವುದು ಎಲ್ಲಿ? ಆಲ್ಟೋ ಸಾಲಿನ ತುದಿಯಲ್ಲಿ, ಸೊಪ್ರಾನೋದವರ ಪಕ್ಕದಲ್ಲೇ ಇದ್ದರೆ ಮೊದಲು ಜಾಗ ಬದಲಿಸಿ. ಗುಂಪಿನ ಮಧ್ಯಕ್ಕೆ ಹೋಗಿ, ಹಿಂದೆ ಗಟ್ಟಿಯಾಗಿ ಹಾಡುವವರು ಒಬ್ಬರು ಇರಲಿ. ಹಿಂದಿನಿಂದ ಬರುವ ಧ್ವನಿ ನೇರ ಕಿವಿಗೆ ಬೀಳುತ್ತದೆ.

ಇನ್ನೊಂದು, ನಿಮ್ಮ ಧ್ವನಿ ನಿಮಗೆ ಕೇಳಿಸುತ್ತಿಲ್ಲ ಅಂತ ಜೋರಾಗಿ ಹಾಡಲು ಹೋಗಬೇಡಿ. ಸುತ್ತ ಸದ್ದು ಹೆಚ್ಚಾದರೆ ನಮಗೆ ಗೊತ್ತಿಲ್ಲದೇ ನಾವೂ ದನಿ ಏರಿಸುತ್ತೇವೆ. ಎಟಿಯೆನ್ ಲೊಂಬಾರ್ಡ್ ಅನ್ನುವ ಫ್ರಾನ್ಸಿನ ಕಿವಿ ವೈದ್ಯರು 1911ರಲ್ಲೇ ಇದರ ಬಗ್ಗೆ ಬರೆದಿದ್ದರು, ಇವತ್ತಿಗೂ ಅದಕ್ಕೆ ಲೊಂಬಾರ್ಡ್ ಪರಿಣಾಮ ಅಂತಲೇ ಹೆಸರು. ಕಾಯರ್‌ನಲ್ಲಿ ಎಲ್ಲರೂ ಹೀಗೆ ಏರಿಸುತ್ತಾ ಹೋದರೆ ಕೊನೆಗೆ ಯಾರಿಗೂ ಏನೂ ಕೇಳಿಸುವುದಿಲ್ಲ, ಗಂಟಲು ಬೇರೆ ಕಟ್ಟುತ್ತದೆ. ರಿಹರ್ಸಲ್‌ನಲ್ಲಿ ಒಂದು ಕಿವಿಯನ್ನು ಬೆರಳಿನಿಂದ ಮೆತ್ತಗೆ ಮುಚ್ಚಿ ಹಾಡಿ ನೋಡಿ. ನಿಮ್ಮ ಧ್ವನಿ ತಲೆಯೊಳಗೇ ಕೇಳಿಸುತ್ತದೆ. ನಾಚಿಕೆ ಬೇಡ, ಹಳಬರೂ ಮಾಡುತ್ತಾರೆ.

ಪೆನ್ಸಿಲ್‌ಗುರುತು:

ನಾನು ಆಲ್ಟೋ, ನಮ್ಮ ಗುಂಪಿನ ಹೊಸಬರನ್ನು ನೋಡಿಕೊಳ್ಳುವವಳೂ ನಾನೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಸಾಲನ್ನು ಒಂಟಿಯಾಗಿ ಎಷ್ಟು ಸಲ ಹಾಡಿದರೂ ಇದು ಸರಿಹೋಗುವುದಿಲ್ಲ, ಯಾಕೆಂದರೆ ಒಂಟಿಯಾಗಿ ಹಾಡಲು ನಿಮಗೆ ಆಗಲೇ ಬರುತ್ತದೆ. ಬೇರೆ ಸಾಲು ಪಕ್ಕದಲ್ಲಿ ಓಡುತ್ತಿರುವಾಗ ನಿಮ್ಮದನ್ನು ಹಿಡಿದಿರುವುದನ್ನೇ ಅಭ್ಯಾಸ ಮಾಡಬೇಕು. ಸೊಪ್ರಾನೋ ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಒಂದೇ ಕಿವಿಗೆ ಇಯರ್‌ಫೋನ್ ಹಾಕಿ, ಮೊದಲು ತೀರಾ ಸಣ್ಣ ಸದ್ದಿನಲ್ಲಿ ಇಟ್ಟು ನಿಮ್ಮ ಸಾಲು ಹಾಡಿ. ತಪ್ಪದೇ ಬಂದರೆ ಸದ್ದು ಸ್ವಲ್ಪ ಏರಿಸಿ. ದಿನಕ್ಕೆ 10 ನಿಮಿಷ ಸಾಕು, ಆದರೆ ದಿನಾ ಮಾಡಿ. ಆಮೇಲೆ ಒಬ್ಬ ಟೆನರ್, ಒಬ್ಬ ಸೊಪ್ರಾನೋ ಸಿಕ್ಕರೆ ಮೂರೇ ಜನ ಕೂತು ಹಾಡಿ. ಅಲ್ಲಿ ಅಡಗಿಕೊಳ್ಳಲು ಜಾಗ ಇರುವುದಿಲ್ಲ, ಅದರಿಂದಲೇ ಬೇಗ ಬರುತ್ತದೆ.

ಹಾಳೆಯ ಮೇಲೆ ಪೆನ್ಸಿಲ್ ಇಡಿ. ನೀವು ದಾರಿ ತಪ್ಪುವ ಜಾಗ ಯಾವಾಗಲೂ ಅದೇ ನಾಲ್ಕೈದು ಇರುತ್ತದೆ, ಅಲ್ವಾ? ಅದಕ್ಕೆ ಸುತ್ತು ಹಾಕಿ. ಅಲ್ಲಿ ನಿಮ್ಮ ಸ್ವರ ಎಲ್ಲಿಂದ ಸಿಗುತ್ತದೆ ಅಂತ ಹುಡುಕಿ. ಎಷ್ಟೋ ಸಲ ಟೆನರ್‌ನವರು ಈಗಷ್ಟೇ ಹಾಡಿ ಬಿಟ್ಟ ಸ್ವರವೇ ನಿಮ್ಮ ಮುಂದಿನ ಸ್ವರ ಆಗಿರುತ್ತದೆ. ಅಲ್ಲಿಂದ ಒಂದು ಬಾಣ ಎಳೆದು ಬಿಡಿ. ನನ್ನ ಹಾಳೆಗಳ ತುಂಬಾ ಇಂಥ ಬಾಣಗಳೇ ಇವೆ.

ಸ್ವರಲಿಪಿ ಬಗ್ಗೆ ಭಯ ಬೇಡ. ಸುಮಾರು 1000 ವರ್ಷದ ಹಿಂದೆ ಇಟಲಿಯಲ್ಲಿ ಅರೆಝೊದ ಗೀಡೊ ಅನ್ನುವ ಸನ್ಯಾಸಿಗೂ ಇದೇ ಚಿಂತೆ ಇತ್ತು. ಹುಡುಗರು ಬರೀ ಕೇಳಿ ಬಾಯಿಪಾಠ ಮಾಡಲು ವರ್ಷಗಟ್ಟಲೆ ಒದ್ದಾಡುತ್ತಿದ್ದರು. ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು, ಉತ್ ರೆ ಮಿ ಫಾ ಸೋಲ್ ಲಾ ಅಂತ ಹೇಳಿಕೊಡುವುದನ್ನು ಅವರು ರೂಢಿಗೆ ತಂದಿದ್ದೇ ಅದಕ್ಕೆ. ನೀವು ಈಗಲೇ ಸ್ವರದ ಹೆಸರು ಓದಬೇಕಿಲ್ಲ. ಚುಕ್ಕೆ ಮೇಲೆ ಹೋಯಿತಾ, ಕೆಳಗೆ ಬಂತಾ, ಪಕ್ಕದ ಮೆಟ್ಟಿಲಿಗಾ ಅಥವಾ ದೂರಕ್ಕೆ ಹಾರಿತಾ, ಇಷ್ಟು ನೋಡುತ್ತಾ ಹಾಡಿ. ಆಲ್ಟೋ ಸಾಲಿನಲ್ಲಿ ಒಂದೇ ಸ್ವರ ಎಂಟು ಹತ್ತು ಸಲ ಬರುವ ಕಡೆ ಮಾತ್ರ ಹುಷಾರು. ಅಲ್ಲಿ ಶ್ರುತಿ ತಾನಾಗೇ ಇಳಿಯುತ್ತದೆ. ಪ್ರತಿ ಸಲವೂ ಕೂದಲೆಳೆಯಷ್ಟು ಮೇಲಿಂದ ಹಿಡಿಯುತ್ತಿದ್ದೇನೆ ಅಂತ ಅಂದುಕೊಂಡು ಹಾಡಿ.

ಬಾಯಿ ಆಡಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ತಪ್ಪು ಕೇಳಿಸಿದರೆ ತಿದ್ದಬಹುದು, ಕೇಳಿಸದಿದ್ದರೆ ನಾನು ಏನು ತಿದ್ದಲಿ? ಪಕ್ಕದವಳು ತಿರುಗಿ ನೋಡಿದ್ದು ಬೇಜಾರಿನಿಂದ ಅಂತ ಯಾಕೆ ಅಂದುಕೊಂಡಿರಿ? ಅವಳೂ ತನ್ನ ಸ್ವರ ಹುಡುಕುತ್ತಿದ್ದಿರಬಹುದು. ಮುಂದಿನ ಸಲ ಅವಳ ಹತ್ತಿರವೇ ಕೇಳಿ.

ಮೊದಲಬೆಂಚು:

ನಿಮ್ಮ ಧ್ವನಿ ನಿಜವಾಗಲೂ ಆಲ್ಟೋನಾ? ಐದು ನಿಮಿಷದಲ್ಲಿ ಹೇಗೆ ಗೊತ್ತಾಗುತ್ತದೆ? ಜನ ಕಡಿಮೆ ಇರುವ ಗುಂಪಿಗೆ ತಳ್ಳಿರಲೂಬಹುದು. ಎತ್ತರದ ಸ್ವರ ಆರಾಮಾಗಿ ಬರುತ್ತದೆ ಅಂದರೆ ಸೊಪ್ರಾನೋಗೆ ಹಾಕಿ ಅಂತ ಕೇಳಿ.

ಪೆನ್ಸಿಲ್‌ಗುರುತು:

ಧ್ವನಿ ನೋಯುತ್ತಿದ್ದರೆ ಖಂಡಿತ ಕೇಳಬೇಕು, ಒಪ್ಪುತ್ತೇನೆ. ರಾಗ ಸುಲಭ ಅಂತ ಮಾತ್ರ ಹೋಗಬೇಡಿ. ಸೊಪ್ರಾನೋದವರಿಗೂ ಯಾವಾಗಲೂ ಮುಖ್ಯ ರಾಗವೇ ಸಿಗುವುದಿಲ್ಲ, ಟೆನರ್‌ಗೆ ರಾಗ ಕೊಟ್ಟ ಹಾಡು ಬಂದ ದಿನ ಇದೇ ಕಷ್ಟ ಅಲ್ಲೂ ಬರುತ್ತದೆ.

ಎರಡನೇಸಾಲು:

ಎಲ್ಲರಿಗೂ ಥ್ಯಾಂಕ್ಸ್. 9 ದಿನ ಆಯಿತು, ಹೇಳಲೇಬೇಕು ಅನ್ನಿಸಿತು.

ಧ್ವನಿ ನೋಯುವುದಿಲ್ಲ, ಕೆಳಗಿನ ಸ್ವರಗಳೇ ನನಗೆ ಆರಾಮ, ಆಲ್ಟೋದಲ್ಲೇ ಇರುತ್ತೇನೆ. ನಾನು ಕೂರುತ್ತಿದ್ದುದು ಸರಿಯಾಗಿ ಸೊಪ್ರಾನೋದವರ ಪಕ್ಕದಲ್ಲೇ! ಮಧ್ಯಕ್ಕೆ ಬಂದೆ. ಪಕ್ಕದವಳನ್ನೂ ಕೇಳಿದೆ. ಅವಳು ಅವತ್ತು ನನ್ನ ಸ್ವರ ಕೇಳಿಸಿಕೊಂಡು ತನ್ನದು ಸರಿ ಇದೆಯಾ ಅಂತ ನೋಡುತ್ತಿದ್ದಳಂತೆ. ಈಗ ಇಬ್ಬರೂ ಇಯರ್‌ಫೋನ್ ಅಭ್ಯಾಸ ಮಾಡುತ್ತಿದ್ದೇವೆ.

ನಿನ್ನೆ ಮೂರನೇ ಹಾಡಿನ ಕೊನೆಯಲ್ಲಿ ಒಂದು ಉದ್ದ ಸ್ವರ ಇದೆ, ನಾಲ್ಕೂ ಗುಂಪು ಹಿಡಿದು ನಿಲ್ಲಬೇಕು. ನಾನು ಬಾಯಿ ಆಡಿಸಲಿಲ್ಲ, ಹಾಡಿದೆ. ಮೊದಲು ಸ್ವಲ್ಪ ಅದುರುತ್ತಿತ್ತು, ಆಮೇಲೆ ಬೇಸ್‌ನವರು ಕೆಳಗಿಂದ ಬಂದು ಸೇರಿದ ಕೂಡಲೇ ಅದುರುವುದು ನಿಂತೇಹೋಯಿತು. ಕೈಯಲ್ಲಿದ್ದ ಹಾಳೆ ಗುಂಯ್ ಅಂದ ಹಾಗಾಯಿತು. ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

12ನೇ ಪುಟದಲ್ಲಿ ಇನ್ನೂ ದಾರಿ ತಪ್ಪುತ್ತಿದ್ದೇನೆ. ಅಲ್ಲಿ ಟೆನರ್ ಸಾಲಿನಿಂದ ಬಾಣ ಎಳೆದಿದ್ದೇನೆ. ನಾಳೆ ರಿಹರ್ಸಲ್‌ಗೆ ಅರ್ಧ ಗಂಟೆ ಮೊದಲೇ ಹೋಗಿ ಒಬ್ಬ ಟೆನರ್ ಜೊತೆ ಅದೊಂದೇ ಪುಟ ಹಾಡುತ್ತೇವೆ.