ನಾಲ್ಕು ಸಾವಿರದ ಟಿಕೆಟ್ಟು

ಗುಂಪು: ಮಾಟುಂಗಾ ಮನೆಯವರು

ಪ್ರಶಾಂತ: (ಫೋಟೊ) ನೋಡಿ ಎಲ್ರೂ! ಮುಂಬೈ ಸಿಟಿ ಬಸ್ ಸಂಸ್ಥೆ ‘ಬೆಸ್ಟ್’ನ 1937ರ ಡಬಲ್ ಡೆಕ್ಕರ್ ಟಿಕೆಟ್. ಮುಂಬೈಯಲ್ಲಿ ಡಬಲ್ ಡೆಕ್ಕರ್ ಬಸ್ ಶುರುವಾದದ್ದೇ ಆ ವರ್ಷ. ಮಾರುವವ ₹4,000 ಹೇಳ್ತಿದ್ದಾನೆ, ₹500 ಅಡ್ವಾನ್ಸ್ ಹಾಕಿದೆ.

ವಸಂತಿ ಅತ್ತೆ: ನಾಲ್ಕು ಸಾವಿರವಾ!! ಅದರಲ್ಲಿ ಊರಿಗೆ ಹೋಗಿ ಬರಬಹುದು ಮಾರಾಯ. ಅಜ್ಜನ ಅಂಗಿ ಒಗೆಯುವಾಗ ಕಿಸೆಯಿಂದ ಇಂಥದ್ದು ಎಷ್ಟು ತೆಗೆದು ಬಿಸಾಡಿದ್ದೇನೋ.

ಪ್ರಶಾಂತ: ಅತ್ತೆ ಅದೆಲ್ಲ ಹೇಳ್ಬೇಡಿ, ಹೊಟ್ಟೆ ಉರಿಯುತ್ತೆ 😭

ಗಣೇಶ ಚಿಕ್ಕಪ್ಪ: ಫೋಟೊ ದೊಡ್ಡದು ಮಾಡಿ ನೋಡಿದೆ. ರೇಟು ಎಂತ ಉಂಟು, ಓದು.

ಪ್ರಶಾಂತ: 10 ಎನ್‌ಪಿ

ಗಣೇಶ ಚಿಕ್ಕಪ್ಪ: ನಯಾ ಪೈಸೆ. ಅದು ಬಂದದ್ದು 1957 ಏಪ್ರಿಲ್ 1ಕ್ಕೆ. ಅದಕ್ಕೆ ಮೊದಲು ಆಣೆ, ಪೈ. 1964 ಜೂನಿನಲ್ಲಿ ‘ನಯಾ’ ಹೋಗಿ ಬರೀ ಪೈಸೆ ಆಯ್ತು. 1937ರಲ್ಲಿ ಯಾವ ಕಂಡಕ್ಟರ್ ಇದನ್ನು ಹರಿದು ಕೊಟ್ಟನಂತೆ?

ಶ್ರುತಿ: ಮೇಲೆ ‘ಅಂಡರ್‌ಟೇಕಿಂಗ್’ ಅಂತಲೂ ಇದೆ. 1947 ಆಗಸ್ಟಿನಲ್ಲಿ ಪಾಲಿಕೆ ಕೈಗೆ ಬರೋ ತನಕ ಬೆಸ್ಟ್ ಕಂಪನಿ ಆಗಿತ್ತು, ಆಮೇಲೆ ‘ಅಂಡರ್‌ಟೇಕಿಂಗ್’.

ಪ್ರಶಾಂತ: ಆಯ್ತು, 1957 ಅನ್ನಿ. ಡಬಲ್ ಡೆಕ್ಕರ್ ಅಂತೂ ಹೌದಲ್ಲ!

ಗಣೇಶ ಚಿಕ್ಕಪ್ಪ: ಎಲ್ಲಿ ಬರೆದಿದ್ದಾರೆ ಹಾಗಂತ? ನಂಬರು, ಸ್ಟೇಜು, ಪಂಚಿನ ತೂತು. ಅಷ್ಟೇ ಕಾಣುವುದು. ಬೆಸ್ಟ್ ರಸ್ತೆ ಹಳಿ ಮೇಲೆ ಓಡಿಸುತ್ತಿದ್ದ ಟ್ರಾಮಿನದ್ದೂ ಆಗಿರಬಹುದು, ಟ್ರಾಮ್ ನಿಂತದ್ದೇ 1964 ಮಾರ್ಚ್ 31ಕ್ಕೆ.

ಶ್ರುತಿ: ಟ್ರಾಮಲ್ಲೂ ಡಬಲ್ ಡೆಕ್ಕರ್ ಇತ್ತು ಚಿಕ್ಕಪ್ಪ, 1920ರಿಂದ 😄

ಪ್ರಶಾಂತ: ನೋಡಿ!! ಶ್ರುತಿ ನನ್ನ ಕಡೆ

ಶ್ರುತಿ: ಯಾರ ಕಡೆಯೂ ಅಲ್ಲ. ನಾಲ್ಕು ಸಾವಿರ ಜಾಸ್ತಿ ಅಣ್ಣ

ವಸಂತಿ ಅತ್ತೆ: ಇಷ್ಟು ಪ್ರೀತಿ ಇದ್ದವನು 2023ರ ಸೆಪ್ಟೆಂಬರಿನಲ್ಲಿ ಕೊನೆಯ ಡೀಸೆಲ್ ಡಬಲ್ ಡೆಕ್ಕರ್ ಹೊರಟಾಗ ಎಲ್ಲಿದ್ದಿ? ನಾನು ಕರೆದೆ. ಮೀಟಿಂಗ್ ಅಂದೆ.

ಪ್ರಶಾಂತ: ಅದು ಬೇರೆ ವಿಷಯ ಅತ್ತೆ

ಗಣೇಶ ಚಿಕ್ಕಪ್ಪ: ಕೂಡಿಡುವುದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಬಿಡಿ ಟಿಕೆಟ್ಟಿಗೆ ಮಾರುವವ ಹೇಳಿದ್ದೇ ಕತೆ. ತಾರೀಖು ಬರೆದ ಫೋಟೊ, ಹಳೆ ಟೈಮ್‌ಟೇಬಲ್, ರೂಟ್ ಮ್ಯಾಪ್ ಸಿಕ್ಕಿದರೆ ತಗೋ, ಅದರಲ್ಲಿ ಓದಲಿಕ್ಕೆ ಏನಾದರೂ ಇರುತ್ತದೆ. ಮೊದಲು ಆಣಿಕ್ ಡಿಪೋದ ಬೆಸ್ಟ್ ಮ್ಯೂಸಿಯಂ ನೋಡಿ ಬಾ. ಮನೆಯಿಂದ ಎಷ್ಟು ದೂರ?

ಪ್ರಶಾಂತ: ಅವನಿಗೆ ನಯಾ ಪೈಸೆ ವಿಷಯ ಮೆಸೇಜ್ ಹಾಕಿದೆ. ತಕ್ಷಣ ‘₹1,500 ಕೊಡಿ ಸಾಕು’ ಅಂದ.

ವಸಂತಿ ಅತ್ತೆ: ಅಂದ್ರೆ ಅವನಿಗೆ ಮೊದಲೇ ಗೊತ್ತಿತ್ತು!!

ಗಣೇಶ ಚಿಕ್ಕಪ್ಪ: ₹300ರ ಮೇಲೆ ಒಂದು ರೂಪಾಯಿ ಕೊಡಬೇಡ.

ಪ್ರಶಾಂತ: ಅಡ್ವಾನ್ಸೇ ₹500 ಚಿಕ್ಕಪ್ಪ...