ರೇ ಪ್ರೈಸ್ ಅವರ 'ನೈಟ್ ಲೈಫ್' ಆಲ್ಬಮ್‌ನಲ್ಲಿ ಅಂಥದ್ದೇನಿದೆ?

ಸಂಜೆರಾಗ:
ಅಮೆರಿಕದ ಗಾಯಕ ರೇ ಪ್ರೈಸ್ ನನಗೆ ಗೊತ್ತಿರುವುದು 1970ರ 'ಫಾರ್ ದ ಗುಡ್ ಟೈಮ್ಸ್' ಹಾಡಿನಿಂದ. ಹಿಂದೆ ಸಾಲುಸಾಲು ವಯಲಿನ್, ಮೆತ್ತಗಿನ ದನಿ, ತುಂಬಾ ಇಷ್ಟ. ಆದರೆ ಹಳೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತ) ಕೇಳುವವರು ಇವರನ್ನು ಹಾಂಕಿ ಟಾಂಕ್‌ನ ದೊಡ್ಡ ಹೆಸರು ಅನ್ನುತ್ತಾರೆ, 1963ರ 'ನೈಟ್ ಲೈಫ್' ಕೇಳಲೇಬೇಕು ಅನ್ನುತ್ತಾರೆ. ಒಬ್ಬರೇ ಗಾಯಕ ಇಷ್ಟು ಬದಲಾದದ್ದು ಹೇಗೆ? ಆ ಆಲ್ಬಮ್‌ನಲ್ಲಿ ಏನನ್ನು ಗಮನಿಸಿ ಕೇಳಬೇಕು?

ಹಳೇ_ರೆಕಾರ್ಡು:
ಮೊದಲು 1956ರ 'ಕ್ರೇಜಿ ಆರ್ಮ್ಸ್' ಕೇಳಿ. ಹಾಂಕಿ ಟಾಂಕ್ ಅಂದರೆ ಬಾರಿನ ಕಂಟ್ರಿ ಹಾಡು: ಟೆಕ್ಸಾಸ್ ಕಡೆಯ ಬಿಯರ್ ಬಾರು, ಜೂಕ್‌ಬಾಕ್ಸ್, ಕುಣಿಯುವ ಜನ, ವಿಪರೀತ ಗಲಾಟೆ. ಆ ಗಲಾಟೆಯಲ್ಲೂ ಹಾಡು ಕೇಳಿಸಬೇಕು, ಕಾಲು ನಿಲ್ಲಬಾರದು. ಆವರೆಗೆ ಕಂಟ್ರಿ ಹಾಡುಗಳಲ್ಲಿ ಬೇಸ್ (ತಗ್ಗಿನ ಸ್ವರದ ತಂತಿವಾದ್ಯ) ಸಾಮಾನ್ಯವಾಗಿ ತಾಳದ ಒಂದು ಪೆಟ್ಟು ಬಿಟ್ಟು ಒಂದರ ಮೇಲೆ ಬೀಳುತ್ತಿತ್ತು. ಪ್ರೈಸ್ ತಾಳದ ನಾಲ್ಕೂ ಪೆಟ್ಟುಗಳ ಮೇಲೆ ಬೇಸ್ ನಡೆಸಿದರು, ಜೊತೆಗೆ ಡ್ರಮ್, ಮೇಲೆ ಪಿಟೀಲು. ಇವತ್ತಿಗೂ ಅದನ್ನು 'ರೇ ಪ್ರೈಸ್ ಶಫಲ್' ಅಂತಲೇ ಕರೆಯುತ್ತಾರೆ. ಎಲ್ವಿಸ್ ಪ್ರೀಸ್ಲಿಯ ರಾಕ್ ಅಂಡ್ ರೋಲ್ ಅಲೆ ಎದ್ದ ವರ್ಷವೇ ಈ ಹಾಡು 20 ವಾರ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು, ಸಾಮಾನ್ಯ ವಿಷಯ ಅಲ್ಲ.

ಅದಕ್ಕೂ ಮುಂಚೆ ಅವರು ಆ ಕಾಲದ ದೊಡ್ಡ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಜೊತೆ, ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ನಲ್ಲಿ ಒಂದೇ ಮನೆಯಲ್ಲಿದ್ದವರು. 1953ರಲ್ಲಿ ಹ್ಯಾಂಕ್ ತೀರಿಕೊಂಡ ಮೇಲೆ ಅವರ ವಾದ್ಯದವರನ್ನೇ ಕಟ್ಟಿಕೊಂಡು ಕೆಲಕಾಲ ಹಾಡಿದರು. ಆಮೇಲೆ ಕಟ್ಟಿದ್ದು 'ಚೆರೋಕೀ ಕೌಬಾಯ್ಸ್' ಅನ್ನುವ ತಮ್ಮದೇ ವಾದ್ಯತಂಡ. ಮುಂದೆ ತಾವೇ ದೊಡ್ಡ ಕಂಟ್ರಿ ಗಾಯಕರಾದ ವಿಲ್ಲಿ ನೆಲ್ಸನ್, ರೋಜರ್ ಮಿಲ್ಲರ್, ಜಾನಿ ಪೇಚೆಕ್ ಎಲ್ಲ ಒಂದೊಂದು ಕಾಲಕ್ಕೆ ಅಲ್ಲಿ ಬಾರಿಸಿದವರೇ!

ಸ್ಟೀಲ್_ಗಿಟಾರ್_ಪ್ರೇಮಿ:
'ನೈಟ್ ಲೈಫ್' ವಿಷಯಕ್ಕೆ ಬರೋಣ. ಆಲ್ಬಮ್ ಶುರುವಾಗುವುದು ಹಾಡಿನಿಂದಲ್ಲ, ಮಾತಿನಿಂದ. ಪ್ರೈಸ್ ಕೇಳುಗರ ಜೊತೆ ನಿಧಾನವಾಗಿ ಮಾತಾಡುತ್ತಾರೆ, ಕೆಳಗೆ ಬಡ್ಡಿ ಎಮನ್ಸ್ ಅವರ ಪೆಡಲ್ ಸ್ಟೀಲ್ ಗಿಟಾರ್ (ಅಡ್ಡಲಾಗಿಟ್ಟು, ತಂತಿ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ಗಿಟಾರ್) ಬ್ಲೂಸ್ ನುಡಿಸುತ್ತಿರುತ್ತದೆ, ಆ ಮಾತೇ ಹಾಗೇ ಹಾಡಿಗೆ ಜಾರುತ್ತದೆ. ಶೀರ್ಷಿಕೆ ಹಾಡು ಬರೆದದ್ದು ವಿಲ್ಲಿ ನೆಲ್ಸನ್, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಅದರ ಹಕ್ಕನ್ನು ಬರೀ 150 ಡಾಲರಿಗೆ ಮಾರಿಬಿಟ್ಟಿದ್ದರು.

ಇಲ್ಲಿ ಪ್ರೈಸ್ ಎಲ್ಲೂ ಅವಸರ ಮಾಡುವುದಿಲ್ಲ. ಸಾಲಿನ ಕೊನೆಯ ಸ್ವರವನ್ನು ಜಾಸ್ತಿ ಹೊತ್ತು ಹಿಡಿದು ಆಮೇಲೆ ಬಿಡುತ್ತಾರೆ, ಹೆಚ್ಚುಕಮ್ಮಿ ಜಾಜ್ ಗಾಯಕರ ಹಾಗೆ. ಒಂಟಿತನ, ಕುಡಿತ, ರಾತ್ರಿಯ ದೀಪಗಳು, ಹಾಡುಗಳೆಲ್ಲ ಒಂದೇ ಲೋಕದವು, ಅದಕ್ಕೇ ಹಿಟ್‌ಗಳನ್ನು ಸುಮ್ನೆ ಜೋಡಿಸಿದ ಹಾಗೆ ಅನಿಸುವುದಿಲ್ಲ. ದಯವಿಟ್ಟು ಹಾಡುಗಳ ಕ್ರಮ ಬದಲಿಸದೆ ಮೊದಲಿನಿಂದ ಕೊನೆವರೆಗೆ ಕೇಳಿ.

ಸಂಜೆರಾಗ:
ಈಗಷ್ಟೇ ಮೊದಲ ಹಾಡು ಕೇಳಿದೆ. ಇದು ಬಾರ್‌ನಲ್ಲಿ ಕುಣಿಯುವ ಹಾಡೇ ಅಲ್ಲವಲ್ಲ! ಹಾಗಾದರೆ ಆಮೇಲೆ ಸಾಲುಸಾಲು ವಯಲಿನ್‌ಗಳ ಕಡೆ ಹೋದದ್ದು ಇಲ್ಲಿಂದಲೇನಾ?

ಹಳೇ_ರೆಕಾರ್ಡು:
ನನ್ನ ಪ್ರಕಾರ ಹೌದು. 1967ರಲ್ಲಿ 'ಡ್ಯಾನಿ ಬಾಯ್' ಹಾಡನ್ನು ದೊಡ್ಡ ವಾದ್ಯವೃಂದದ ಜೊತೆ ಹಾಡಿದಾಗ ಹಳೆ ಅಭಿಮಾನಿಗಳು ದ್ರೋಹ ಬಗೆದ ಹಾಗೆ ಸಿಟ್ಟಾದರು. ನನಗೆ ಆ ಸಿಟ್ಟು ಒಪ್ಪಿಗೆಯಿಲ್ಲ. ಆ ದನಿ, ಆ ನಿಧಾನ 'ನೈಟ್ ಲೈಫ್'ನಲ್ಲೇ ಇತ್ತು, ಪಕ್ಕದ ವಾದ್ಯ ಬದಲಾಯಿತು ಅಷ್ಟೇ. ಆ 'ಕ್ರೇಜಿ ಆರ್ಮ್ಸ್' ಶಫಲ್ ಅನ್ನೂ ಬಿಟ್ಟವರಲ್ಲ. 2007ರಲ್ಲಿ, 81ನೇ ವಯಸ್ಸಿನಲ್ಲಿ, ವಿಲ್ಲಿ ನೆಲ್ಸನ್ ಮತ್ತು ಇನ್ನೊಬ್ಬ ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ ಜೊತೆ 'ಲಾಸ್ಟ್ ಆಫ್ ದ ಬ್ರೀಡ್' ಆಲ್ಬಮ್ ಮಾಡಿದರು. ಅದರಲ್ಲೂ ಸ್ಟೀಲ್ ನುಡಿಸಿದ್ದು ಅದೇ ಬಡ್ಡಿ ಎಮನ್ಸ್. 'ನೈಟ್ ಲೈಫ್' ಮುಗಿದ ಮೇಲೆ ಅದನ್ನೇ ಹಾಕಿ.