ಸಹಾಯ ಬೇಕು: ಸಿಎಲ್-9 (ಬಾರ್ ಸನ್ನದು) ಸ್ಥಳಾಂತರ, ಹೆದ್ದಾರಿಯಿಂದ 220 ಮೀಟರ್ ಅಳೆಯೋದು ಹೇಗೆ?

ಸಕಲೇಶಪುರ ತಾಲ್ಲೂಕಿನ ಗ್ರಾಮ ಪಂಚಾಯ್ತಿ ಒಂದಕ್ಕೆ ಸಿಎಲ್-9 ಸನ್ನದು ಸ್ಥಳಾಂತರದ ಅರ್ಜಿ ತಯಾರಾಗ್ತಿದೆ. ಕಟ್ಟಡ ಇರೋದು ರಾಷ್ಟ್ರೀಯ ಹೆದ್ದಾರಿ 75ರಿಂದ ಕವಲೊಡೆಯೋ ಒಳರಸ್ತೇಲಿ. ಊರಿನ ಜನಸಂಖ್ಯೆ 20,000ಕ್ಕಿಂತ ಕಡಿಮೆ, ಹಾಗಾಗಿ ಸುಪ್ರೀಂ ಕೋರ್ಟಿನ 2017ರ ಮಾರ್ಚ್ 31ರ ಆದೇಶದಂತೆ ಹೆದ್ದಾರಿಯಿಂದ ಮದ್ಯದಂಗಡಿಗೆ ಇರಬೇಕಾದ ಅಂತರ 500 ಅಲ್ಲ, 220 ಮೀಟರ್ ಸಾಕು. ಅದೇ ವರ್ಷ ಜುಲೈನಲ್ಲಿ ಬಂದ ವಿನಾಯ್ತಿ ನಗರಸಭೆ, ಪುರಸಭೆ ವ್ಯಾಪ್ತಿಯದ್ದು, ಅದನ್ನ ನಂಬಿ ಕೂರೋಕಾಗಲ್ಲ.

ಸರ್ವೇಯರ್ ಹತ್ರ ನಕ್ಷೆ ಮಾಡಿಸಿದ್ದಾಯ್ತು. ನೇರ ಗೆರೆ ಎಳೆದ್ರೆ 205 ಮೀಟರ್, ಜನ ನಡೆದು ಬರೋ ದಾರೀಲಿ 236.

ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಶಾಲೆ, ದೇವಸ್ಥಾನ, ಆಸ್ಪತ್ರೆಗಳ 100 ಮೀಟರ್ ಅಂತರವನ್ನ ಕರ್ನಾಟಕದ 1968ರ ಅಬಕಾರಿ ನಿಯಮಗಳ 5ನೇ ನಿಯಮದ ಪ್ರಕಾರ ಬಾಗಿಲಿನ ಮಧ್ಯಬಿಂದುವಿನಿಂದ ಕಾಲುದಾರಿ ಹಿಡಿದು ಅಳೀತಾರೆ. ಹೆದ್ದಾರಿಗೆ ಕೋರ್ಟ್ ಹೇಳಿರೋದು ರಸ್ತೆಯ ಅಥವಾ ಸರ್ವೀಸ್ ರಸ್ತೆಯ ಹೊರ ಅಂಚಿನಿಂದ ಅಂತ. 2017ರಲ್ಲಿ ಕೇರಳದ ಬಾರೊಂದು ಸುತ್ತುದಾರಿ ಕಟ್ಟಿ ದೂರ ಹೆಚ್ಚಿಸಿಕೊಂಡಿದ್ದು ಸುದ್ದಿಯಾಗಿತ್ತು. ಅಂಥ ಅಡ್ಡದಾರಿ ಬೇಡ, ಇಲ್ಲಿರೋದು ಹಳೇ ಪಂಚಾಯ್ತಿ ರಸ್ತೆನೇ. ಇನ್ನೊಂದು ಆತಂಕ: ಚತುಷ್ಪಥಕ್ಕೆ ಅಗಲ ಮಾಡಿದ ಕಡೆ ಹೊರ ಅಂಚೇ ಕಟ್ಟಡದ ಹತ್ರ ಸರಿಯುತ್ತೆ. ಜುಲೈ 1ಕ್ಕೆ ಹೊಸ ಅಬಕಾರಿ ವರ್ಷ, ನವೀಕರಣದ ಹೊತ್ತಲ್ಲಿ ತಕರಾರು ಎದ್ರೆ ಹಾಕಿದ ಬಂಡವಾಳ ಅಷ್ಟೂ ಸಿಕ್ಕಿಬೀಳುತ್ತೆ.

ಹಾಸನ, ಚಿಕ್ಕಮಗಳೂರು ಕಡೆ 2017ರ ನಂತರ ಹೀಗೆ ಸ್ಥಳಾಂತರ ಮಾಡಿಸಿದವರು ದಯವಿಟ್ಟು ಹೇಳಿ: ಸ್ಥಳ ತನಿಖೇಲಿ 220 ಮೀಟರ್ ಅಳೆದಿದ್ದು ನೇರ ಗೆರೇಲೋ, ನಡೆಯೋ ದಾರೀಲೋ? ಹೊರ ಅಂಚು ಅಂತ ಹಿಡಿದಿದ್ದು ಡಾಂಬರಿನ ಅಂಚನ್ನೋ, ಭೂಸ್ವಾಧೀನದ ಗಡಿ ಕಲ್ಲನ್ನೋ?